ಹಸಿರು ನಾಣ್ಯದ ಮೋಹ: ಲೇಬಲ್ ಬದಲಾದರೆ ಸರಕು ಬದಲಾಗುವುದೇ?

ಕ್ರಿಪ್ಟೋ ನಾಣ್ಯಗಳ ಮೇಲೆ ಆರಂಭದಿಂದಲೂ ಎರಡು ಆರೋಪಗಳಿವೆ. ಅದು ಹಣವಲ್ಲ, ಹಣದ ವೇಷ ತೊಟ್ಟ ಜೂಜು ಎಂಬುದು ಮೊದಲನೆಯದು. ಅದು ಒಂದೊಂದು ದೇಶಕ್ಕೆ ಸಾಲುವಷ್ಟು ವಿದ್ಯುತ್ತನ್ನು ನುಂಗಿ ಭೂಮಿಯನ್ನು ಕಾಯಿಸುತ್ತಿದೆ ಎಂಬುದು ಎರಡನೆಯದು. ಈಚಿನ ವರ್ಷಗಳಲ್ಲಿ ಎರಡನೆಯ ಆರೋಪಕ್ಕೆ ಒಂದು ಉತ್ತರ ಸಿದ್ಧವಾಗಿದೆ. ಹಸಿರು ಕ್ರಿಪ್ಟೋ, ಪರಿಸರ ಸ್ನೇಹಿ ನಾಣ್ಯ, ಸುಸ್ಥಿರ ಸಮುದಾಯಗಳ ಕರೆನ್ಸಿ ಎಂಬಿತ್ಯಾದಿ ಹೆಸರುಗಳಲ್ಲಿ ಹೊಸ ಸರಕು ಮಾರುಕಟ್ಟೆಗೆ ಬಂದಿದೆ. ಇದರಲ್ಲಿ ಆಕ್ಷೇಪಿಸುವಂಥದ್ದೇನಿದೆ ಎಂದು ಓದುಗರು ಕೇಳಬಹುದು. ವಿದ್ಯುತ್ ಉಳಿದರೆ ಒಳ್ಳೆಯದೇ ತಾನೇ? ಹೌದು, ಒಳ್ಳೆಯದೇ. ಆದರೆ ಇಲ್ಲೊಂದು ಕೈಚಳಕವಿದೆ. ಎರಡನೆಯ ಆರೋಪಕ್ಕೆ ಕೊಟ್ಟ ಉತ್ತರವನ್ನೇ ಮೊದಲನೆಯದಕ್ಕೂ ಕೊಟ್ಟ ಉತ್ತರವೆಂಬಂತೆ ಬಿಂಬಿಸಲಾಗುತ್ತಿದೆ. ಜೂಜಿನ ಅಡ್ಡೆಯ ಛಾವಣಿಗೆ ಸೌರ ಫಲಕ ಅಳವಡಿಸಿ, ಇನ್ನು ಇಲ್ಲಿಗೆ ಯಾರು ಬೇಕಾದರೂ ಧೈರ್ಯವಾಗಿ ಬರಬಹುದು ಎಂದು ಫಲಕ ತೂಗುಹಾಕಿದಂತಿದೆ ಇದು.

ಮೊದಲು ವಿದ್ಯುತ್ತಿನ ವಿಷಯವನ್ನೇ ನೋಡೋಣ. ಬಿಟ್‌ಕಾಯಿನ್ ಎಂಬುದು ನಮ್ಮ ಕಿರಾಣಿ ವರ್ತಕರ ಕಿರ್ದಿ ಪುಸ್ತಕದಂಥ ಒಂದು ಲೆಕ್ಕದ ಪುಸ್ತಕ. ವ್ಯತ್ಯಾಸವೇನೆಂದರೆ ಅದರ ಪ್ರತಿ ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿದೆ. ಸರಾಸರಿ ಹತ್ತು ನಿಮಿಷಕ್ಕೊಮ್ಮೆ ಅದಕ್ಕೆ ಹೊಸ ಪುಟವೊಂದು ಸೇರುತ್ತದೆ. ಆ ಪುಟವನ್ನು ಸೇರಿಸುವ ಹಕ್ಕು ಯಾರಿಗೆ? ಕೋಟ್ಯಂತರ ಅಂಕಿಗಳನ್ನು ಊಹಿಸುತ್ತಾ ಹೋಗಿ, ಎಲ್ಲರಿಗಿಂತ ಮೊದಲು ಸರಿಯಾದ ಅಂಕಿಯನ್ನು ಹಿಡಿದವನಿಗೆ. ಅವನಿಗೆ ಬಹುಮಾನವಾಗಿ ಹೊಸ ಬಿಟ್‌ಕಾಯಿನ್‌ಗಳು ದೊರೆಯುತ್ತವೆ. 2024ರ ಏಪ್ರಿಲ್‌ನಿಂದ ಈ ಬಹುಮಾನ ಪುಟವೊಂದಕ್ಕೆ 3.125 ಬಿಟ್‌ಕಾಯಿನ್. ಇದಕ್ಕೆ 'ಗಣಿಗಾರಿಕೆ' ಎಂಬ ಗೌರವದ ಹೆಸರಿದೆಯಾದರೂ ಮಣ್ಣಿನಿಂದ ಇಲ್ಲಿ ಏನನ್ನೂ ತೆಗೆಯುವುದಿಲ್ಲ. ಒಬ್ಬ ಗೆದ್ದಾಗ ಉಳಿದವರೆಲ್ಲರೂ ಆ ಹತ್ತು ನಿಮಿಷ ಉರಿಸಿದ ವಿದ್ಯುತ್ತು ಸಂಪೂರ್ಣ ವ್ಯರ್ಥ. ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಬಿಟ್‌ಕಾಯಿನ್ ವರ್ಷಕ್ಕೆ ಸುಮಾರು 138 ಟೆರಾವಾಟ್ ಅವರ್, ಅಂದರೆ 13,800 ಕೋಟಿ ಯೂನಿಟ್ ವಿದ್ಯುತ್ತನ್ನು ಬಳಸುತ್ತಿದೆ. ಇಡೀ ಕರ್ನಾಟಕದ ಮನೆಗಳು, ಕಾರ್ಖಾನೆಗಳು, ನೀರಾವರಿ ಪಂಪ್‌ಸೆಟ್‌ಗಳು ಎಲ್ಲ ಸೇರಿ ವರ್ಷವೊಂದರಲ್ಲಿ ಬಳಸುವುದಕ್ಕಿಂತ ಇದು ಹೆಚ್ಚು.

ಇದರ ಬೆಲೆಯನ್ನು ತೆತ್ತವರು ಯಾರು ಎಂಬುದನ್ನೂ ನೋಡಬೇಕು. 2021ರ ಬೇಸಿಗೆಯಲ್ಲಿ ಇರಾನಿನ ನಗರಗಳು ಕತ್ತಲೆಯಲ್ಲಿ ಮುಳುಗಿದಾಗ ಅಲ್ಲಿಯ ಅಧ್ಯಕ್ಷ ಹಸನ್ ರೂಹಾನಿಯವರು ಕ್ರಿಪ್ಟೋ ಗಣಿಗಾರಿಕೆಯನ್ನು ತಿಂಗಳುಗಳ ಕಾಲ ನಿಷೇಧಿಸಬೇಕಾಯಿತು. 2022ರ ಜನವರಿಯಲ್ಲಿ ಕೊಸೊವೊ ಸರಕಾರವೂ ವಿದ್ಯುತ್ ಬಿಕ್ಕಟ್ಟಿನ ನಡುವೆ ಅದನ್ನೇ ಮಾಡಿತು. ಕೊಸೊವೊ ಯುರೋಪಿನ ಬಡ ದೇಶಗಳಲ್ಲೊಂದು. ಅಲ್ಲಿಯ ತಾಯಂದಿರು ಚಳಿಗಾಲದ ರಾತ್ರಿಗಳಲ್ಲಿ ವಿದ್ಯುತ್ತಿಗಾಗಿ ಕಾಯುತ್ತಿದ್ದಾಗ ಪಕ್ಕದ ನೆಲಮಾಳಿಗೆಯಲ್ಲಿ ಯಂತ್ರಗಳು ಅಂಕಿಗಳನ್ನು ಊಹಿಸುತ್ತಿದ್ದವು.

ಬಿಟ್‌ಕಾಯಿನ್‌ನ ಸಮರ್ಥಕರು ಇದಕ್ಕೆ ನೀಡುವ ಮೊದಲ ಉತ್ತರ, ನಾವು ಬಳಸುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸ್ವಚ್ಛ ಮೂಲದ್ದು ಎಂಬುದು. ಕೇಂಬ್ರಿಡ್ಜ್‌ನ ಅದೇ ವರದಿಯಲ್ಲಿ ಶೇ. 52.4 ಎಂಬ ಅಂಕಿ ಇದೆ. ಅದರಲ್ಲಿ ಅಣುವಿದ್ಯುತ್ ಕೂಡ ಸೇರಿದೆ, ಮತ್ತು ಆ ಅಂಕಿ ಗಣಿ ಕಂಪೆನಿಗಳೇ ಸಮೀಕ್ಷೆಯಲ್ಲಿ ಕೊಟ್ಟ ಮಾಹಿತಿಯನ್ನು ಆಧರಿಸಿದೆ. ಅದೆಲ್ಲ ಇರಲಿ, ಸತ್ಯವೆಂದೇ ಇಟ್ಟುಕೊಳ್ಳೋಣ. ಆಗಲೂ ಪ್ರಶ್ನೆ ಉಳಿಯುತ್ತದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆ ಒಣ ಭೂಮಿಯನ್ನು ರೈತರು ಗುತ್ತಿಗೆಗೆ ಕೊಟ್ಟಿದ್ದಾರೆ. ಅಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಎದ್ದಿದೆ. ನಾಳೆ ಯಾರಾದರೂ ಆ ವಿದ್ಯುತ್ತನ್ನೆಲ್ಲ ಕೊಂಡು ಅಂಕಿ ಊಹಿಸುವ ಯಂತ್ರಗಳಿಗೆ ಉಣಿಸಿದರೆ, ಅದು ಹಸಿರು ಕೆಲಸವಾಗುವುದೇ? ಆ ಬಿಸಿಲಿನಿಂದ ಓಡಬೇಕಾಗಿದ್ದ ಪಂಪ್‌ಸೆಟ್‌ಗಳು, ಉರಿಯಬೇಕಾಗಿದ್ದ ಆಸ್ಪತ್ರೆಯ ದೀಪಗಳು ಕಲ್ಲಿದ್ದಲಿನ ಪಾಲಾಗುತ್ತವೆ. 2023ರ ಬರದ ವರ್ಷದಲ್ಲಿ ಪಂಪ್‌ಸೆಟ್‌ಗೆ ಮೂರು ಫೇಸ್ ವಿದ್ಯುತ್ತು ಸಿಗದೆ ನಮ್ಮ ರೈತರು ಬೀದಿಗಿಳಿದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ವಚ್ಛ ವಿದ್ಯುತ್ತು ಇನ್ನೂ ಎಲ್ಲರಿಗೂ ಸಾಲುವಷ್ಟಿಲ್ಲದಿರುವಾಗ ಅದನ್ನು ಯಾವುದಕ್ಕೆ ಬಳಸುತ್ತೇವೆ ಎಂಬುದೂ ನೀತಿಯ ಪ್ರಶ್ನೆಯೇ.

ಎರಡನೆಯ ಉತ್ತರ ಇದಕ್ಕಿಂತ ಗಟ್ಟಿಯಾದದ್ದು. ಅದಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಲೇಬೇಕು. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಎಂಬ ಎರಡನೆಯ ಅತಿ ದೊಡ್ಡ ಕ್ರಿಪ್ಟೋ ವ್ಯವಸ್ಥೆಯು ಊಹೆಯ ಪಂದ್ಯವನ್ನೇ ಕೈಬಿಟ್ಟಿತು. ಅದರ ಬದಲು ಠೇವಣಿಯ ಪದ್ಧತಿ ಬಂತು. ಪುಟ ಬರೆಯಲು ಬಯಸುವವನು 32 ಈಥರ್ ನಾಣ್ಯಗಳನ್ನು ಪಣವಾಗಿಡಬೇಕು. ಮೋಸ ಮಾಡಿದರೆ ಅದರಲ್ಲಿ ಒಂದು ಪಾಲು ಮುಟ್ಟುಗೋಲಾಗುತ್ತದೆ. ಇದರಿಂದಾಗಿ ಆ ವ್ಯವಸ್ಥೆಯ ವಿದ್ಯುತ್ ಬಳಕೆ ಶೇ. 99ಕ್ಕೂ ಮಿಕ್ಕಿ ಇಳಿಯಿತು. ತಂತ್ರಜ್ಞರು ಮನಸ್ಸು ಮಾಡಿದರೆ ಒಂದು ದೇಶದಷ್ಟು ವಿದ್ಯುತ್ತನ್ನು ಒಂದೇ ದಿನದಲ್ಲಿ ಉಳಿಸಬಹುದು ಎಂಬುದಕ್ಕೆ ಇದು ಸಾಕ್ಷಿ. ಬಿಟ್‌ಕಾಯಿನ್‌ನವರು ಅದನ್ನೇಕೆ ಮಾಡುತ್ತಿಲ್ಲ ಎಂಬುದನ್ನು ಅವರೇ ಹೇಳಬೇಕು.

ಆದರೆ ಠೇವಣಿ ಪದ್ಧತಿಯ ಒಳಗೆ ಇಣುಕಿದಾಗ ಏನು ಕಾಣುತ್ತದೆ? 32 ಈಥರ್ ಎಂದರೆ ಹಲವು ಲಕ್ಷ ರೂಪಾಯಿಗಳು. ಯಾರ ಬಳಿ ಹೆಚ್ಚು ನಾಣ್ಯವಿದೆಯೋ ಅವನೇ ಹೆಚ್ಚು ಪುಟಗಳನ್ನು ಬರೆಯುತ್ತಾನೆ, ಬರೆದುದಕ್ಕೆ ಇನ್ನಷ್ಟು ನಾಣ್ಯ ಪಡೆಯುತ್ತಾನೆ. ಬ್ಯಾಂಕುಗಳ ಏಕಸ್ವಾಮ್ಯವನ್ನು ಮುರಿಯುತ್ತೇವೆ, ಜನಸಾಮಾನ್ಯರ ಕೈಗೆ ಹಣದ ಕೀಲಿಯನ್ನು ಕೊಡುತ್ತೇವೆ ಎಂದು ಹೊರಟವರು ಕೊನೆಗೆ ಕಟ್ಟಿದ್ದು ಇದನ್ನು. ಹೊಗೆ ಹೋಯಿತು, ಹುಂಡಿ ಮಾತ್ರ ಹಳೆಯವರ ಕೈಯಲ್ಲೇ ಉಳಿಯಿತು.

ವಿದ್ಯುತ್ತನ್ನು ಉಳಿಸಿದ ನಾಣ್ಯ ತನ್ನಿಂತಾನೇ ಸಜ್ಜನನಾಗುತ್ತದೆ ಎಂದು ನಂಬುವವರು ಟೆರಾ ಎಂಬ ವ್ಯವಸ್ಥೆಯ ಕತೆಯನ್ನು ಓದಬೇಕು. ಅದು ಹುಟ್ಟಿನಿಂದಲೇ ಠೇವಣಿ ಪದ್ಧತಿಯದ್ದು, ಗಣಿಯ ಹೊಗೆ ಅದಕ್ಕಿರಲಿಲ್ಲ. ಅದರ ಒಂದು ನಾಣ್ಯ ಸದಾ ಒಂದು ಡಾಲರಿಗೆ ಸಮವಾಗಿರುತ್ತದೆ ಎಂದು ಭರವಸೆ ಕೊಡಲಾಗಿತ್ತು. ಅದನ್ನು ಠೇವಣಿ ಇಟ್ಟವರಿಗೆ ವರ್ಷಕ್ಕೆ ಶೇ. 20ರ ಆಸುಪಾಸಿನ ಬಡ್ಡಿಯ ಆಮಿಷವಿತ್ತು. 2022ರ ಮೇ ತಿಂಗಳ ಕೆಲವೇ ದಿನಗಳಲ್ಲಿ ಅದು ಕುಸಿದು ಸುಮಾರು 4,000 ಕೋಟಿ ಡಾಲರ್ ಮೌಲ್ಯ ಆವಿಯಾಯಿತು. ದಕ್ಷಿಣ ಕೊರಿಯಾದಲ್ಲಿ ಲಕ್ಷಾಂತರ ಸಾಮಾನ್ಯ ಜನರು ಉಳಿತಾಯ ಕಳಕೊಂಡರು. ಅದರ ಸ್ಥಾಪಕ ಡೊ ಕ್ವಾನ್ 2025ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ವಂಚನೆಯ ತಪ್ಪೊಪ್ಪಿಕೊಂಡ. ಪರಿಸರದ ತಕ್ಕಡಿಯಲ್ಲಿ ತೂಗಿದರೆ ಈ ನಾಣ್ಯ ಪಾಸು.

ಇನ್ನು ಹೆಸರಿನಲ್ಲೇ ಹಸಿರನ್ನು ಹೊತ್ತವುಗಳಿವೆ. ಸೋಲಾರ್‌ಕಾಯಿನ್ ಎಂಬುದು 2014ರಲ್ಲಿ ಬಂತು. ಸೌರ ಫಲಕದಿಂದ ಸಾವಿರ ಯೂನಿಟ್ ವಿದ್ಯುತ್ ಉತ್ಪಾದಿಸಿದವನಿಗೆ ಒಂದು ನಾಣ್ಯ. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಆ ನಾಣ್ಯವನ್ನು ಕೊಟ್ಟರೆ ಯಾವ ಅಂಗಡಿಯವನೂ ಅಕ್ಕಿ ಕೊಡುವುದಿಲ್ಲ, ಆದ್ದರಿಂದ ಅದರ ಬೆಲೆ ನಗಣ್ಯ ಮಟ್ಟಕ್ಕೆ ಇಳಿಯಿತು. ಅದಕ್ಕಾಗಿ ಫಲಕ ಹಾಕಿಸಿದವರು ಯಾರೂ ಇರಲಾರರು. ಚಿಯಾ ಎಂಬ ಇನ್ನೊಂದು 2021ರಲ್ಲಿ ಬಂತು. ವಿದ್ಯುತ್ತಿನ ಬದಲು ಹಾರ್ಡ್ ಡಿಸ್ಕ್‌ನಲ್ಲಿರುವ ಖಾಲಿ ಜಾಗವೇ ಅದರ ಬಂಡವಾಳ. ಪರಿಣಾಮವಾಗಿ ಏಷ್ಯಾದ ಮಾರುಕಟ್ಟೆಗಳಲ್ಲಿ ಹಾರ್ಡ್ ಡಿಸ್ಕ್‌ಗಳ ಬೆಲೆ ಏರಿತು. ವರ್ಷಗಟ್ಟಲೆ ಬಾಳಬೇಕಾದ ಕೆಲವು ಬಗೆಯ ಡಿಸ್ಕ್‌ಗಳು ವಾರಗಳಲ್ಲಿ ಸವೆದು ತ್ಯಾಜ್ಯವಾದವು. ಹೊಗೆಯ ಬದಲು ಕಸ.

ಕ್ಲೈಮಾ ಡಿಎಒ ಎಂಬ ಯೋಜನೆಯದು ಇನ್ನೂ ಸ್ವಾರಸ್ಯಕರ ಅಧ್ಯಾಯ. ಕಾಡು ಬೆಳೆಸಿದವರಿಗೆ, ಗಾಳಿಯಂತ್ರ ಹಾಕಿದವರಿಗೆ ಸಿಗುವ ಇಂಗಾಲದ ಪ್ರಮಾಣಪತ್ರಗಳನ್ನು ಕೊಂಡು ನಾಣ್ಯವಾಗಿಸುವುದು, ಹೀಗೆ ಪ್ರಮಾಣಪತ್ರಗಳ ಬೆಲೆಯೇರಿ ಕಾರ್ಖಾನೆಗಳು ತಾವಾಗಿಯೇ ಹೊಗೆ ಕಡಿಮೆ ಮಾಡುವುದು, ಇದು ಅದರ ವಾದ. 2021ರ ಅಕ್ಟೋಬರ್‌ನಲ್ಲಿ ಆರಂಭವಾದಾಗ ಒಂದು ನಾಣ್ಯಕ್ಕೆ ಸಾವಿರಾರು ಡಾಲರ್ ಇತ್ತು. ಒಂದು ವರ್ಷ ತುಂಬುವುದರೊಳಗೆ ಕೆಲವೇ ಡಾಲರ್‌ಗಳಿಗೆ ಇಳಿಯಿತು. ನಾಣ್ಯದೊಳಗೆ ತುಂಬಿದ್ದ ಪ್ರಮಾಣಪತ್ರಗಳಲ್ಲಿ ಬಹಳಷ್ಟು ಬೇರೆ ಯಾರಿಗೂ ಬೇಡವಾಗಿದ್ದ ಹಳೆಯ ಯೋಜನೆಗಳದ್ದು ಎಂಬುದು ಬೆಳಕಿಗೆ ಬಂತು. ಅಂಥ ಪ್ರಮಾಣಪತ್ರಗಳನ್ನು ನೀಡುವ ವೆರ್ರಾ ಸಂಸ್ಥೆಯು, ಒಮ್ಮೆ ಬಳಸಿ ಮುಗಿದ ಪತ್ರಗಳನ್ನು ನಾಣ್ಯವಾಗಿಸುವುದನ್ನು 2022ರ ಮೇ ತಿಂಗಳಲ್ಲಿ ನಿಷೇಧಿಸಿತು. ಒಂದೇ ಒಂದು ಮರವಾದರೂ ಇದರಿಂದ ಹೆಚ್ಚು ಬೆಳೆಯಿತೇ? ಭೂಮಿಯ ಸಂಕಟವನ್ನೇ ಸಟ್ಟಾ ಬಾಜಾರಿನ ಸರಕಾಗಿಸುವ ಈ ಜಾಣ್ಮೆಗೆ ಏನೆನ್ನಬೇಕೋ ತಿಳಿಯದು.

ಎಲ್ ಸಾಲ್ವಡೋರ್ ದೇಶ ಬಿಟ್‌ಕಾಯಿನ್‌ಗೆ 2021ರ ಸೆಪ್ಟೆಂಬರ್‌ನಲ್ಲಿ ಕಾನೂನುಬದ್ಧ ಹಣದ ಸ್ಥಾನ ನೀಡಿತು. ಜ್ವಾಲಾಮುಖಿಯ ಶಾಖದಿಂದ ತೆಗೆದ ವಿದ್ಯುತ್ತಿನಿಂದ ಗಣಿಗಾರಿಕೆ ನಡೆಸುತ್ತೇವೆ, ಹೊಗೆಯೇ ಇಲ್ಲ ಎಂದು ಅಲ್ಲಿಯ ಅಧ್ಯಕ್ಷ ನಯೀಬ್ ಬುಕೆಲೆ ಘೋಷಿಸಿದರು. ಪ್ರತಿ ನಾಗರಿಕನಿಗೂ 30 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಉಡುಗೊರೆ ಸಿಕ್ಕಿತು. ಜನರು ಉಡುಗೊರೆಯನ್ನು ಖರ್ಚು ಮಾಡಿ ಮರಳಿ ಡಾಲರಿಗೇ ಹೋದರು. 2025ರ ಜನವರಿಯಲ್ಲಿ, ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಸಾಲದ ಷರತ್ತಿಗೆ ಮಣಿದು, ಅದನ್ನು ಸ್ವೀಕರಿಸಲೇಬೇಕೆಂಬ ನಿಯಮವನ್ನು ದೇಶ ಕೈಬಿಟ್ಟಿತು.

ಇಷ್ಟೆಲ್ಲವನ್ನೂ ಒಂದು ಸಮುದಾಯ ವಾರಪತ್ರಿಕೆಯಲ್ಲಿ ಬರೆಯಲು ಕಾರಣವಿದೆ. ಹಸಿರಿನ ಪಕ್ಕದಲ್ಲೇ ಇನ್ನೊಂದು ಲೇಬಲ್ ಅಂಟಿಕೊಂಡು ನಮ್ಮ ಮನೆಬಾಗಿಲಿಗೆ ಬರುತ್ತಿದೆ. ಅದು ಹಲಾಲ್ ಎಂಬ ಲೇಬಲ್. ಇಸ್ಲಾಮಿಕ್ ಕಾಯಿನ್ ಎಂಬ ಹೆಸರಿನದ್ದೇ ಒಂದು ನಾಣ್ಯವಿದೆ. 2022ರಲ್ಲಿ ಕೆಲವು ವಿದ್ವಾಂಸರಿಂದ ಅದು ಫತ್ವಾ ಪಡೆಯಿತು. ಅದು ಠೇವಣಿ ಪದ್ಧತಿಯ, ಕಡಿಮೆ ವಿದ್ಯುತ್ತಿನ ನಾಣ್ಯ. ಹೊಸದಾಗಿ ಹೊರಬರುವ ನಾಣ್ಯಗಳ ಹತ್ತನೇ ಒಂದು ಪಾಲು 'ಎವರ್‌ಗ್ರೀನ್' ಅಂದರೆ ನಿತ್ಯಹಸಿರು ಎಂಬ ಹೆಸರಿನ ನಿಧಿಗೆ ಸಲ್ಲುತ್ತದೆ. ಧರ್ಮ, ದಾನ, ಪರಿಸರ ಮೂರೂ ಒಂದೇ ಪೊಟ್ಟಣದಲ್ಲಿ! 2023ರಲ್ಲಿ ಮಾರುಕಟ್ಟೆಗೆ ಬಂದ ಬಳಿಕ ಅದರ ಬೆಲೆಯ ಬಹುಪಾಲು ಕರಗಿಹೋಯಿತು. ಅದನ್ನು ಕಟ್ಟಿದವರ ಪ್ರಾಮಾಣಿಕತೆಯನ್ನು ನಾವಿಲ್ಲಿ ಪ್ರಶ್ನಿಸುತ್ತಿಲ್ಲ. ಪ್ರಶ್ನೆ ಬೇರೆಯೇ ಇದೆ. ಅದನ್ನು ಕೊಂಡವನು ಯಾಕೆ ಕೊಂಡ? ಅದರಿಂದ ಮೀನು, ತರಕಾರಿ ಕೊಳ್ಳಲಿಕ್ಕೋ, ನಾಳೆ ಬೆಲೆಯೇರುತ್ತದೆ, ಇನ್ನೊಬ್ಬನಿಗೆ ದಾಟಿಸಿ ಲಾಭ ಪಡೆಯೋಣ ಎಂದೋ?

ಕ್ರಿಪ್ಟೋ ನಾಣ್ಯಗಳ ಬಗ್ಗೆ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ ಎಂಬುದು ನಿಜ. ಅನುಮತಿಯ ಪರವಾಗಿ ವಾದಿಸಿದವರೂ ಇದ್ದಾರೆ. ಆದರೆ ವಿರೋಧಿಸಿದವರು ಏಕೆ ವಿರೋಧಿಸಿದರು ಎಂಬುದನ್ನು ಗಮನಿಸಬೇಕು. ತುರ್ಕಿಯ ಧಾರ್ಮಿಕ ವ್ಯವಹಾರ ಇಲಾಖೆ 2017ರ ನವೆಂಬರ್‌ನಲ್ಲಿ, ಈಜಿಪ್ಟಿನ ಗ್ರ್ಯಾಂಡ್ ಮುಫ್ತಿ ಶೌಕಿ ಅಲ್ಲಾಮ್ 2018ರ ಜನವರಿಯಲ್ಲಿ, ಇಂಡೋನೇಶ್ಯದ ಉಲಮಾ ಮಂಡಳಿ 2021ರ ನವೆಂಬರ್‌ನಲ್ಲಿ ತಮ್ಮ ಅಭಿಪ್ರಾಯ ನೀಡಿದವು. ಅವುಗಳ ಮುಖ್ಯ ಆಧಾರ ವಿದ್ಯುತ್ ಬಿಲ್ ಆಗಿರಲಿಲ್ಲ. ಅನಿಶ್ಚಿತತೆ, ಸಟ್ಟಾ, ವಂಚನೆಗೆ ಇರುವ ಅವಕಾಶ, ಹೊಣೆ ಹೊರುವವರಿಲ್ಲದಿರುವುದು, ಇವು ಅವರ ಆಕ್ಷೇಪಗಳು. ವಿದ್ಯುತ್ ಬಳಕೆ ಶೇ. 99 ಇಳಿದರೆ ಇವುಗಳಲ್ಲಿ ಯಾವುದು ಇಳಿಯುತ್ತದೆ? ಒಂದೂ ಇಲ್ಲ.

ಲೇಬಲ್ ನೋಡಿ ಹಣ ಕೊಡುವ ದುರಭ್ಯಾಸದ ಬೆಲೆ ಏನೆಂಬುದು ನಮ್ಮ ಸಮುದಾಯಕ್ಕೆ ಗೊತ್ತಿಲ್ಲದ್ದಲ್ಲ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಮೂಹ ಬಾಗಿಲು ಮುಚ್ಚಿತು. ಬಡ್ಡಿಯಿಲ್ಲದ ಹಲಾಲ್ ಹೂಡಿಕೆ ಎಂದು ನಂಬಿ ಹಣ ಹಾಕಿದ್ದ ಸಾವಿರಾರು ಕುಟುಂಬಗಳು ದೂರು ಕೊಡಲು ಸರದಿಯಲ್ಲಿ ನಿಂತವು. ಮಗಳ ಮದುವೆಗೆಂದು ಕೂಡಿಟ್ಟದ್ದು, ನಿವೃತ್ತಿಯ ಹಣ, ಮನೆ ಮಾರಿದ ಹಣ, ಗಲ್ಫಿನಲ್ಲಿ ಬೆವರು ಹರಿಸಿ ಕಳುಹಿಸಿದ್ದು ಎಲ್ಲವೂ ಅದರಲ್ಲಿತ್ತು. ತಿಂಗಳಿಗೆ ಇಷ್ಟು ಲಾಭ ಹೇಗೆ ಬರುತ್ತದೆ ಎಂದು ಕೇಳಿದವರು ಕಡಿಮೆ. ಕೇಳಿದವರಿಗೆ, ಒಳ್ಳೆಯ ಕೆಲಸಕ್ಕೆ ಅಡ್ಡಿ ಮಾಡುತ್ತೀರಿ ಎಂಬ ನಿಂದೆ ಸಿಕ್ಕಿತು. ಅಂದು ಚಿನ್ನದಂಗಡಿಯ ಹೊಳಪು ಮತ್ತು ಹಲಾಲ್ ಎಂಬ ಪದ ಕಣ್ಣು ಕಟ್ಟಿತು. ಇಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಕ್ರಿಪ್ಟೋ ಜಾಹೀರಾತುಗಳಲ್ಲಿ ಚಿನ್ನದ ಬದಲು ಎಲೆಯ ಚಿತ್ರವಿದೆ, ಅಷ್ಟೇ ವ್ಯತ್ಯಾಸ. ಪರಿಸರ ಕಾಳಜಿಯುಳ್ಳ ನಮ್ಮ ಕಾಲೇಜು ಹುಡುಗರು, ಹುಡುಗಿಯರು ಇದಕ್ಕೆ ಬೇಗನೆ ಒಲಿಯುತ್ತಾರೆ ಎಂಬುದು ಮಾರುವವರಿಗೆ ಚೆನ್ನಾಗಿ ಗೊತ್ತು.

ಹಾಗಾದರೆ ಸುಸ್ಥಿರ ಸಮುದಾಯಕ್ಕೆ ನಾಣ್ಯವೊಂದು ನೆರವಾದ ಉದಾಹರಣೆಯೇ ಇಲ್ಲವೇ? ಇದೆ. ಅದನ್ನು ಮುಚ್ಚಿಡುವುದು ಅಪ್ರಾಮಾಣಿಕತೆಯಾದೀತು. ಅದಕ್ಕಾಗಿ ಪೂರ್ವ ಆಫ್ರಿಕಾದ ಕೀನ್ಯಾಕ್ಕೆ ಹೋಗಬೇಕು.

ಮೊಂಬಾಸಾ ಬಂದರು ನಗರದ ಅಂಚಿನಲ್ಲಿ 'ಬಾಂಗ್ಲಾದೇಶ್' ಎಂದು ಕರೆಯಲಾಗುವ ಒಂದು ಕೊಳಚೆ ಪ್ರದೇಶವಿದೆ. ಅಲ್ಲಿ ತರಕಾರಿ ಮಾರುವವಳಿದ್ದಾಳೆ, ಬಟ್ಟೆ ಹೊಲಿಯುವವನಿದ್ದಾನೆ, ನೀರು ಹೊರುವವನಿದ್ದಾನೆ. ಎಲ್ಲರಲ್ಲೂ ಸರಕಿದೆ, ದುಡಿಯುವ ಕೈಗಳಿವೆ. ಕೀನ್ಯಾದ ಶಿಲಿಂಗ್ ಮಾತ್ರ ಇಲ್ಲ. ತಿಂಗಳ ಕೊನೆಯಲ್ಲಿ ದರ್ಜಿಗೆ ತರಕಾರಿ ಬೇಕು, ತರಕಾರಿಯವಳ ಮಗುವಿಗೆ ಅಂಗಿ ಬೇಕು, ಆದರೂ ವ್ಯಾಪಾರ ನಿಂತುಹೋಗುತ್ತದೆ. 2013ರ ಮೇ ತಿಂಗಳಲ್ಲಿ ವಿಲ್ ರಡ್ಡಿಕ್ ಎಂಬ ಅಮೆರಿಕದ ಯುವಕ ಮತ್ತು ಸ್ಥಳೀಯರು ಸೇರಿ 'ಬಾಂಗ್ಲಾ ಪೇಸಾ' ಎಂಬ ಕಾಗದದ ಚೀಟಿಗಳನ್ನು ಮುದ್ರಿಸಿದರು. ಅದರ ಬೆಲೆ ಶಿಲಿಂಗಿಗೆ ಸಮ, ಬಳಕೆ ಸದಸ್ಯರ ನಡುವೆ ಮಾತ್ರ. ಹೊಸಬನು ಸೇರಬೇಕಾದರೆ ಇತರ ಸದಸ್ಯರು ಜಾಮೀನು ನಿಲ್ಲಬೇಕು. ತಿಂಗಳು ತುಂಬುವ ಮೊದಲೇ ಪೊಲೀಸರು ಬಂದರು. ರಡ್ಡಿಕ್ ಮತ್ತು ಐವರು ಸ್ಥಳೀಯರನ್ನು ನಕಲಿ ನೋಟಿನ ಬಗೆಯ ಅಪರಾಧ ಹೊರಿಸಿ ಬಂಧಿಸಲಾಯಿತು. ಕೆಲವು ತಿಂಗಳ ಬಳಿಕ ಆರೋಪಗಳನ್ನು ಕೈಬಿಡಲಾಯಿತು, ಚೀಟಿಗಳು ಮತ್ತೆ ಚಲಾವಣೆಗೆ ಬಂದವು.

ಮುಂದೆ ಈ ಚೀಟಿಗಳು ಮೊಬೈಲ್‌ಗೆ ಹೋದವು, 'ಸರಾಫು' ಎಂಬ ಹೆಸರು ಪಡೆದವು. ಸ್ವಾಹಿಲಿಯಲ್ಲಿ ಆ ಪದಕ್ಕೆ ನಾಣ್ಯವೆಂದರ್ಥ. ನಮ್ಮ ಪೇಟೆಗಳ ಸರಾಫನೂ ಈ ಸರಾಫುವೂ ಒಂದೇ ಅರಬಿ ಬೇರಿನ ಮಕ್ಕಳು. ಲೆಕ್ಕವನ್ನು ಕಡಿಮೆ ವಿದ್ಯುತ್ತಿನ ಬ್ಲಾಕ್‌ಚೈನ್‌ನಲ್ಲಿ ಇಡಲಾಯಿತು. ಸ್ಮಾರ್ಟ್‌ಫೋನ್ ಬೇಕಿಲ್ಲ, ಗುಂಡಿ ಒತ್ತುವ ಸಾಮಾನ್ಯ ಫೋನ್ ಸಾಕು. ಕೋವಿಡ್ ಕಾಲದಲ್ಲಿ ಕೀನ್ಯಾ ರೆಡ್‌ಕ್ರಾಸ್ ಇದಕ್ಕೆ ಕೈಜೋಡಿಸಿತು. 2020ರ ಜನವರಿಯಿಂದ 2021ರ ಜೂನ್‌ವರೆಗಿನ ದಾಖಲೆಗಳನ್ನು ಸಂಶೋಧಕರು ಪ್ರಕಟಿಸಿದ್ದಾರೆ. ಐವತ್ತು ಸಾವಿರಕ್ಕೂ ಹೆಚ್ಚು ಖಾತೆಗಳು, ಸುಮಾರು 30 ಕೋಟಿ ಸರಾಫುವಿನ ವಹಿವಾಟು. ಹಣ ಊರಿನ ಒಳಗೆಯೇ ಸುತ್ತಿತು. ವಹಿವಾಟಿನ ಕೇಂದ್ರದಲ್ಲಿ ಇದ್ದುದು ಉಳಿತಾಯ ಗುಂಪುಗಳು ಮತ್ತು ಧಾರ್ಮಿಕ ಮುಖಂಡರು.

ಇದರಲ್ಲಿ ಒಂದು ನಿಯಮ ವಿಶೇಷವಾದದ್ದು. ಬಳಸದೆ ಇಟ್ಟುಕೊಂಡ ಸರಾಫುವಿನಿಂದ ತಿಂಗಳಿಗೆ ಶೇ. 2 ಕಡಿತವಾಗುತ್ತಿತ್ತು. ಕೂಡಿಟ್ಟರೆ ಬೆಳೆಯುವ ಹಣವಲ್ಲ ಅದು, ಕೂಡಿಟ್ಟರೆ ಕರಗುವ ಹಣ. ಬಿಟ್‌ಕಾಯಿನ್ ಕೊಂಡವನಿಗೆ ಅದರ ಭಕ್ತರು ಕೊಡುವ ಮೊದಲ ಉಪದೇಶ 'ಮಾರಬೇಡ, ಹಿಡಿದಿಟ್ಟುಕೋ' ಎಂಬುದು. ಇಲ್ಲಿಯ ಉಪದೇಶ 'ಹಿಡಿದಿಡಬೇಡ, ನೆರೆಯವನಿಗೆ ದಾಟಿಸು' ಎಂಬುದು. ಎರಡನ್ನೂ ಕ್ರಿಪ್ಟೋ ಎಂಬ ಒಂದೇ ಹೆಸರಿನಿಂದ ಕರೆಯುವುದೇ ದೊಡ್ಡ ಗೊಂದಲ. ಜಡವಾಗಿ ಬಿದ್ದ ಸಂಪತ್ತು ವರ್ಷದಿಂದ ವರ್ಷಕ್ಕೆ ಝಕಾತ್‌ನಿಂದ ಕಡಿಮೆಯಾಗುತ್ತದೆ ಎಂಬುದನ್ನು ಚಿಕ್ಕಂದಿನಿಂದಲೇ ಕಲಿತ ಓದುಗರಿಗೆ ಈ ತರ್ಕ ಅಪರಿಚಿತವಲ್ಲ. ಎರಡೂ ಒಂದೇ ಎಂದು ಹೇಳುತ್ತಿಲ್ಲ. ಒಂದು ಆರಾಧನೆ, ಇನ್ನೊಂದು ವ್ಯಾಪಾರದ ನಿಯಮ. ಆದರೆ ಹಣ ಹರಿಯಬೇಕೇ ಹೊರತು ಹೆಪ್ಪುಗಟ್ಟಬಾರದು ಎಂಬ ದಿಕ್ಕು ಎರಡಕ್ಕೂ ಸಮಾನ.

ಸರಾಫುವಿನಲ್ಲೂ ಕೊರತೆಗಳಿದ್ದವು. ದಾನಿಗಳ ಹಣದ ಆಸರೆ ಅದಕ್ಕೆ ಬೇಕಾಯಿತು. ದೇಶದಾದ್ಯಂತ ಒಂದೇ ನಾಣ್ಯ ಎಂಬ ಯೋಚನೆಯನ್ನು ಬಳಿಕ ಬಿಟ್ಟು, ಆಯಾ ಊರಿನ ಗುಂಪು ತನ್ನ ಸರಕು ಸೇವೆಗಳನ್ನು ಆಧರಿಸಿ ತನ್ನದೇ ಚೀಟಿ ಹೊರಡಿಸುವ ಕ್ರಮಕ್ಕೆ ಅವರು ಹೊರಳಿದರು. ಕೀನ್ಯಾ ಕರಾವಳಿಯ ಮಿಜಿಕೆಂಡಾ ಜನರಲ್ಲಿ 'ಮ್ವೇರಿಯಾ' ಎಂಬ ಹಳೆಯ ಪದ್ಧತಿಯಿದೆ. ಇಂದು ನಿನ್ನ ಹೊಲದಲ್ಲಿ ಎಲ್ಲರೂ ದುಡಿಯೋಣ, ನಾಳೆ ನನ್ನದರಲ್ಲಿ. ಇದನ್ನು ಓದುವಾಗ ಮಲೆನಾಡಿನ, ಹಳೆ ಮೈಸೂರಿನ ಓದುಗರಿಗೆ 'ಮುಯ್ಯಾಳು' ನೆನಪಾಗದಿರದು. ನಾಟಿಗೆ, ಕೊಯ್ಲಿಗೆ ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಿ ಹೋಗುವುದು. ಕೂಲಿಯ ಹಣವಿಲ್ಲ, ಕಾಗದವಿಲ್ಲ. ಯಾರು ಯಾರಿಗೆ ಎಷ್ಟು ದಿನ ಬಾಕಿ ಎಂಬುದು ಊರಿಗೆಲ್ಲ ಗೊತ್ತು. ಆ ಬ್ಲಾಕ್‌ಚೈನ್ ಊರವರ ನೆನಪಿನಲ್ಲಿತ್ತು.

ಇಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಮೊಂಬಾಸಾದ ತರಕಾರಿಯವಳಿಗೆ ನೆರವಾದದ್ದು ಬ್ಲಾಕ್‌ಚೈನೋ, ದರ್ಜಿಯ ಮೇಲೆ ಅವಳಿಗಿದ್ದ ನಂಬಿಕೆಯೋ? 1932ರಲ್ಲಿ ಆಸ್ಟ್ರಿಯಾದ ವೋರ್ಗ್ಲ್ ಎಂಬ ಪುಟ್ಟ ಪಟ್ಟಣ ಇದಕ್ಕೆ ಉತ್ತರ ಕೊಟ್ಟಾಗಿದೆ. ಮಹಾ ಆರ್ಥಿಕ ಕುಸಿತದ ಕಾಲವದು. ಕಾರ್ಖಾನೆಗಳು ಮುಚ್ಚಿದ್ದವು, ಪುರಸಭೆಯ ಬೊಕ್ಕಸ ಬರಿದಾಗಿತ್ತು. ಮೇಯರ್ ಮಿಖಾಯೆಲ್ ಉಂಟರ್‌ಗುಗ್ಗೆನ್‌ಬೆರ್ಗರ್ ಊರಿನದೇ ಚೀಟಿಗಳನ್ನು ಮುದ್ರಿಸಿ ಕೆಲಸಗಾರರಿಗೆ ಸಂಬಳವಾಗಿ ಕೊಟ್ಟರು. ತಿಂಗಳಿಗೊಮ್ಮೆ ಶೇ. 1ರ ಅಂಚೆಚೀಟಿಯಂಥದ್ದನ್ನು ಅಂಟಿಸದಿದ್ದರೆ ಚೀಟಿ ನಡೆಯದು. ಹಾಗಾಗಿ ಎಲ್ಲರೂ ಬೇಗಬೇಗನೆ ಖರ್ಚು ಮಾಡಿದರು, ಬಾಕಿ ತೆರಿಗೆ ಕಟ್ಟಿದರು. ರಸ್ತೆ, ಸೇತುವೆಗಳು ಎದ್ದವು. 1933ರಲ್ಲಿ ಆಸ್ಟ್ರಿಯಾದ ಕೇಂದ್ರ ಬ್ಯಾಂಕ್ ಮಧ್ಯಪ್ರವೇಶಿಸಿ ಅದನ್ನು ನಿಲ್ಲಿಸಿತು. ಕಂಪ್ಯೂಟರ್ ಎಂಬ ವಸ್ತು ಆಗ ಹುಟ್ಟಿಯೇ ಇರಲಿಲ್ಲ. ಸಮುದಾಯದ ನಾಣ್ಯ ಗೆದ್ದಲ್ಲೆಲ್ಲ ಅದರ ಹಿಂದೆ ಪರಸ್ಪರ ಪರಿಚಯ, ಜಾಮೀನು, ಕೈಗೆ ಸಿಗುವ ಸರಕು ಇದ್ದವು. ಈ ಗೆಲುವುಗಳ ಚಿತ್ರವನ್ನು ತೋರಿಸಿ, ಮುಖ ಪರಿಚಯವೇ ಇಲ್ಲದವರ ಸಟ್ಟಾ ನಾಣ್ಯವನ್ನು ಮಾರುವುದು ಶುದ್ಧ ಮೋಸ.

ಇನ್ನು ನಮ್ಮ ದೇಶದ ಕಾನೂನಿನ ಸ್ಥಿತಿಯನ್ನೂ ಕುಟುಂಬಗಳು ತಿಳಿದಿರಬೇಕು. ಕ್ರಿಪ್ಟೋ ಸಂಸ್ಥೆಗಳಿಗೆ ಬ್ಯಾಂಕ್ ಸೇವೆ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಪಡಿಸಿತು. ಇದನ್ನೇ ಹಿಡಿದುಕೊಂಡು 'ಕೋರ್ಟೇ ಒಪ್ಪಿದೆ' ಎಂದು ಏಜೆಂಟರು ಹೇಳುವುದುಂಟು. ವ್ಯವಹಾರ ನಿಷಿದ್ಧವಲ್ಲ ಎಂಬುದಷ್ಟೇ ಸತ್ಯ. ಯಾವ ಕ್ರಿಪ್ಟೋ ನಾಣ್ಯಕ್ಕೂ ಇಲ್ಲಿ ಹಣದ ಮಾನ್ಯತೆಯಿಲ್ಲ. 2022ರ ಬಜೆಟ್ ಅದರ ಲಾಭದ ಮೇಲೆ ಶೇ. 30 ತೆರಿಗೆ ವಿಧಿಸಿತು. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯುವಂತಿಲ್ಲ. ವಹಿವಾಟಿನ ಮೇಲೆ ಶೇ. 1 ಮುಂಗಡ ಕಡಿತ ಬೇರೆ. ಬಿಟ್‌ಕಾಯಿನ್ ಆಗಲಿ, ಎಲೆಯ ಚಿತ್ರವಿರುವ ನಾಣ್ಯವಾಗಲಿ, ತೆರಿಗೆ ಅಧಿಕಾರಿಗೆ ಎರಡೂ ಒಂದೇ. ಹಣ ಮುಳುಗಿದರೆ ಬ್ಯಾಂಕ್ ಠೇವಣಿಗಿರುವಂಥ ವಿಮೆಯೂ ಇಲ್ಲ.

ಪರಿಸರದ ಬಗ್ಗೆ, ಸ್ವಾವಲಂಬಿ ಸಮುದಾಯದ ಬಗ್ಗೆ ನಿಜವಾದ ಕಾಳಜಿಯುಳ್ಳ ಯುವಕ ಯುವತಿಯರಿಗೆ ಕೆಲಸವಿಲ್ಲವೆಂದಲ್ಲ. ನಮ್ಮ ಅನೇಕ ಊರುಗಳಲ್ಲಿ ಬಡ್ಡಿರಹಿತ ಸಾಲ ನಿಧಿಗಳಿವೆ, ಬೈತುಲ್‌ಮಾಲ್‌ಗಳಿವೆ, ಸ್ತ್ರೀಯರ ಸ್ವಸಹಾಯ ಸಂಘಗಳಿವೆ. ಅವುಗಳ ಲೆಕ್ಕ ಎಷ್ಟೋ ಕಡೆ ಇಂದಿಗೂ ಹರಿದ ನೋಟುಪುಸ್ತಕದಲ್ಲಿದೆ. ವರ್ಷದ ಕೊನೆಗೆ ಸದಸ್ಯರೆದುರು ಓದುವ ರೂಢಿಯೂ ಇಲ್ಲ. ಎಲ್ಲರೂ ನೋಡಬಹುದಾದ, ಯಾರೂ ತಿದ್ದಲಾಗದ ಲೆಕ್ಕ ಎಂಬುದು ಬ್ಲಾಕ್‌ಚೈನ್‌ನ ನಿಜವಾದ ಆಕರ್ಷಣೆಯಾಗಿದ್ದರೆ, ಅದನ್ನು ಮೊದಲು ಇಲ್ಲಿ ತರಬಹುದು. ಅದಕ್ಕೆ ಒಂದು ಸಾಧಾರಣ ಕಂಪ್ಯೂಟರ್ ಮತ್ತು ಇಬ್ಬರು ಪ್ರಾಮಾಣಿಕ ಪದವೀಧರರು ಸಾಕು. ಮಸೀದಿಯ, ಮದ್ರಸದ ಛಾವಣಿಗೆ ಸೌರ ಫಲಕ ಹಾಕಿಸಲು ಅದೇ ನಿಧಿಯಿಂದ ಬಡ್ಡಿಯಿಲ್ಲದ ಸಾಲ ಕೊಡಬಹುದು. ಉಳಿದ ವಿದ್ಯುತ್ ಬಿಲ್‌ನಿಂದಲೇ ಅದು ತೀರುತ್ತದೆ.

ಜಮಾಅತ್ ಸಮಿತಿಗಳಲ್ಲಿ ಒಂದು ವಿನಂತಿ. ರಮಝಾನ್‌ನ ಝಕಾತ್ ಸಂಗ್ರಹ ಶುರುವಾಗುವ ಮೊದಲೇ, ಬೈತುಲ್‌ಮಾಲ್‌ನ ಒಂದು ರೂಪಾಯಿಯೂ ಯಾವ ಬಣ್ಣದ ಕ್ರಿಪ್ಟೋ ನಾಣ್ಯಕ್ಕೂ ಹೋಗುವುದಿಲ್ಲ ಎಂಬ ನಿರ್ಣಯ ಕೈಗೊಂಡು ಫಲಕದಲ್ಲಿ ಅಂಟಿಸಿರಿ. ಮಸೀದಿಯ ಅಂಗಳದಲ್ಲಿ, ಮದುವೆ ಮಂಟಪದಲ್ಲಿ ಇಂಥ ನಾಣ್ಯಗಳ ಪರಿಚಯ ಸಭೆ ನಡೆಸಲು ಯಾರಾದರೂ ಅನುಮತಿ ಕೇಳಿದರೆ, ಅವರ ಕಂಪೆನಿಯ ನೋಂದಣಿ ಪತ್ರ ಮತ್ತು ಹಿಂದಿನ ಮೂರು ವರ್ಷಗಳ ಲೆಕ್ಕಪರಿಶೋಧನೆಯ ವರದಿಯನ್ನು ಮೊದಲು ಮೇಜಿನ ಮೇಲಿಡಲು ಹೇಳಿರಿ.